ಬಚ್ಚಿಟ್ಟ ಅರಿಸಿನದ ಕಾಗದ

"ನನ್ನ ಕಾಗದ ಎಲ್ಲಿ? ಮೊದಲು ಅದನ್ನು ಕೊಡಿ!"

ಮದ್ರಾಸಿನ ವೆಸ್ಟ್ ಮಾಂಬಲಂನ ಆ ಇಕ್ಕಟ್ಟು ಬೀದಿಯಲ್ಲಿ, ಬೆಳಗಿನ ಎಂಟು ಗಂಟೆಗೆ, ಯಾರ ಮನೆಯ ಬಾಗಿಲಲ್ಲೂ ಯಾರೂ ಹೀಗೆ ಕೂಗಿದ್ದಿಲ್ಲ. ಎದುರುಮನೆಯ ಮಾಮಿ ರಂಗೋಲಿ ಪುಡಿಯ ಡಬ್ಬ ಹಿಡಿದೇ ನಿಂತುಬಿಟ್ಟರು. ಹಾಲಿನವನು ಹಾಲು ಅಳೆಯುವುದನ್ನು ಮರೆತ.

ಕೂಗುತ್ತಿದ್ದವನಿಗೆ ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿರಬಹುದು. ಮಡಿಸಿ ಕಟ್ಟಿದ ಬಿಳಿ ಪಂಚೆ, ನಿದ್ದೆಯಿಲ್ಲದೆ ಕೆಂಪಾದ ಕಣ್ಣು. ಅವನ ಎದುರು ಜಯಲಕ್ಷ್ಮಮ್ಮ ಬೆದರಿ ನಿಂತಿದ್ದರು.

"ಯಾವ ಕಾಗದಪ್ಪಾ? ನನಗೆ ಗೊತ್ತಿಲ್ಲ..."

"ಗೊತ್ತಿಲ್ಲವಾ? ಹೋದ ವಾರ ಸೋಮವಾರ ಇದೇ ಮನೆಗೆ ಕೊಟ್ಟದ್ದು ಅಂತ ತಪಾಲಿನವ ದೇವರ ಮೇಲೆ ಆಣೆ ಹಾಕಿ ಹೇಳ್ತಾನೆ! ಈ ವಯಸ್ಸಿಗೆ ಸುಳ್ಳು ಹೇಳೋದು ನಿಮಗೆ ಶೋಭೆಯಾ ಅಮ್ಮ?"

ಅಷ್ಟೇ! ಒಳಗಿನಿಂದ ಬಿರುಗಾಳಿಯ ಹಾಗೆ ಬಂದಳು ವೆಂಕಟಲಕ್ಷ್ಮಿ. ತಲೆಗೆ ನೀರು ಹಾಕಿಕೊಂಡು ಕಟ್ಟಿದ್ದ ಟವೆಲು ಅರ್ಧ ಬಿಚ್ಚಿಹೋಗಿತ್ತು. ಮೌಂಟ್ ರೋಡಿನ ಒಂದು ಕಂಪನಿಯಲ್ಲಿ ಟೈಪಿಸ್ಟ್ ಅವಳು. ಒಂಬತ್ತರ ಗಾಡಿ ಹಿಡಿಯಬೇಕು. ಈಗ ಗಾಡಿಯೂ ಬೇಡ, ಕಂಪನಿಯೂ ಬೇಡ!

"ಏನ್ರೀ ಅಂದ್ರಿ? ನಮ್ಮಮ್ಮ ಸುಳ್ಳು ಹೇಳ್ತಾರಾ? ಯಾರ್ರೀ ನೀವು? ಬೀದಿಯಲ್ಲಿ ನಿಂತು ಇಷ್ಟು ಗಲಾಟೆ ಮಾಡೋಕೆ ನಾಚಿಕೆ ಇಲ್ವಾ?"

"ನಾಚಿಕೆ ನನಗಾ? ಇನ್ನೊಬ್ಬರ ಕಾಗದ ಇಟ್ಟುಕೊಂಡವರಿಗಾ?"

"ಎನ್ನ ಆಚು ಮಾಮಿ?" ಏನಾಯಿತೆಂದು ಎದುರುಮನೆಯಿಂದ ಪ್ರಶ್ನೆ ಬಂತು.

"ಒಣ್ಣುಮಿಲ್ಲೆ ಮಾಮಿ, ನೀಂಗ ಪೋಂಗೋ!" ಏನೂ ಇಲ್ಲ, ನೀವು ಹೋಗಿ ಎಂದು ಅತ್ತ ತಮಿಳಿನಲ್ಲಿ ಸಿಡುಕಿ, ಇತ್ತ ಕನ್ನಡಕ್ಕೆ ತಿರುಗಿದಳು ವೆಂಕಟಲಕ್ಷ್ಮಿ. "ನಿಮ್ಮ ಹೆಸರೇ ನಮಗೆ ಗೊತ್ತಿಲ್ಲ. ನಿಮ್ಮ ಕಾಗದ ನಮ್ಮನೇಗೆ ಯಾಕ್ರೀ ಬರುತ್ತೆ?"

ಅವನು ಒಂದು ಸಲ ಉಸಿರು ಎಳೆದುಕೊಂಡ.

"ಕೃಷ್ಣಪ್ರಸಾದ. ಸ್ಟೇಷನ್ ಹತ್ತಿರ ಸುಬ್ರಾಯರ ಹೋಟ್ಲುಂಟಲ್ಲ, ಅಲ್ಲಿ ಉಗ್ರಾಣ ನೋಡಿಕೊಳ್ಳೋದು. ಎರಡು ತಿಂಗಳಾಯ್ತು ಈ ಬೀದಿಯ ಕೊನೆಗೆ ರೂಮು ಮಾಡಿ. ಊರಿಂದ ಅಮ್ಮ ಕಾಗದ ಹಾಕಿದ್ದರು. ಬೀದಿಯ ಹೆಸರು, ಮದ್ರಾಸು ಅಂತ ಇಂಗ್ಲಿಷಿನಲ್ಲಿ ಬರೆಸಿದ್ದಾರೆ. ನನ್ನ ಹೆಸರು ಕನ್ನಡದಲ್ಲಿ. ಆ ತಪಾಲಿನವನಿಗೆ ಕನ್ನಡ ಬರೋದಿಲ್ಲ. ಕನ್ನಡ ಅಕ್ಷರ ಕಂಡರೆ ನಿಮ್ಮ ಮನೆಗೆ ಕೊಡೋದು ಅವನ ರೂಢಿಯಂತೆ. ಬೀದಿಯಲ್ಲಿ ಇನ್ನೊಂದು ಕನ್ನಡದ ಮನೆ ಆದದ್ದು ಅವನಿಗೆ ಗೊತ್ತೇ ಇಲ್ಲ!"

"ಅದಕ್ಕೆ..."

"ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಲಕೋಟೆ ಅದು!"

ವೆಂಕಟಲಕ್ಷ್ಮಿ ತಟ್ಟನೆ ಒಳಕೋಣೆಯ ಕಡೆ ತಿರುಗಿ ನೋಡಿದಳು.

ಅರಿಸಿನ ಹಚ್ಚಿದ ಲಕೋಟೆ... ಸೋಮವಾರ... ದೇವರೇ!

"ನನ್ನ ತಂಗಿಯ ಮದುವೆ ಆಯ್ತು, ಕಳೆದ ಭಾನುವಾರ." ಅವನ ದನಿ ಈಗ ತಗ್ಗಿತ್ತು. ಕೂಗಿಗಿಂತ ಅದನ್ನು ಕೇಳುವುದು ಕಷ್ಟವಾಗಿತ್ತು. "ನಮಗೆ ಅಪ್ಪ ಇಲ್ಲ. ಅವಳಿಗೆ ಇರುವ ಅಣ್ಣ ನಾನೊಬ್ಬನೇ. ಹೋಮದ ಮುಂದೆ ತಂಗಿಯ ಬೊಗಸೆಗೆ ಹೊದಳು, ಭತ್ತದ ಅರಳು, ಹಾಕಬೇಕಾದವ ಅಣ್ಣ. ನಮ್ಮ ಹೋಟ್ಲಿನ ಐತಪ್ಪ ರಜೆಯಲ್ಲಿ ಊರಿಗೆ ಹೋಗಿದ್ದ. ನಿನ್ನೆ ಬಂದು, 'ನೀವು ಯಾಕೆ ಬರಲಿಲ್ಲ?' ಅಂತ ಕೇಳಿದ. ತಂಗಿ ಬೊಗಸೆ ಹಿಡಿದುಕೊಂಡು ಅರ್ಧ ಗಂಟೆ ನಿಂತಿದ್ದಳಂತೆ. 'ಅಣ್ಣ ಬರ್ತಾನೆ, ಅಣ್ಣ ಬರ್ತಾನೆ' ಅಂತ. ಭಟ್ಟರು ಮುಹೂರ್ತ ಮೀರ್ತದೆ ಅಂತ ಗದರಿಸಿದ ಮೇಲೆ ಚಿಕ್ಕಪ್ಪನ ಮಗ ಹಾಕಿದನಂತೆ."

ಜಯಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ರಾಮಾ... ನಿಜವಾಗಿಯೂ ನಾನು ನೋಡಲಿಲ್ಲಪ್ಪ!"

"ನಮ್ಮನೇಗೆ ಯಾವ ಕಾಗದವೂ ಬರಲಿಲ್ಲ. ನೀವು ಹೋಗಿ!" ಎಂದಳು ವೆಂಕಟಲಕ್ಷ್ಮಿ. ದನಿ ಮೊದಲಿನಷ್ಟೇ ಜೋರಾಗಿತ್ತು. ಕೈ ಮಾತ್ರ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಅವನು ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಮೆಟ್ಟಿಲಿಳಿದು ಹೋದ.

* * *

ಹೌದು, ಕಾಗದ ಬಂದಿತ್ತು. ಅದನ್ನು ತೆಗೆದುಕೊಂಡವಳೂ ಅವಳೇ, ಬಚ್ಚಿಟ್ಟವಳೂ ಅವಳೇ!

ನಮ್ಮ ನಾಯಕಿ ಕಳ್ಳಿಯಲ್ಲ. ಕೋಪಿಷ್ಠೆ. ಆ ಸೋಮವಾರದ ಹಿಂದಿನ ಶುಕ್ರವಾರ ಮೈಸೂರಿನ ಕಡೆಯಿಂದ ಒಂದು ಗಂಡು ಅವಳನ್ನು ನೋಡಲು ಬಂದಿತ್ತು. ಬದರಿನಾಥ ಎಂಬ ಹೆಸರಿನ ಆ ಮಹಾಶಯ ಮೂರು ಪ್ರಶ್ನೆ ಕೇಳಿದ. ಹೋಳಿಗೆ ಮಾಡಲು ಬರುತ್ತದೆಯೇ? ಕೆಲಸ ಯಾವಾಗ ಬಿಡುತ್ತೀರಿ? ಯಾವಾಗಲೂ ಇಷ್ಟು ಗಟ್ಟಿಯಾಗಿಯೇ ಮಾತಾಡುತ್ತೀರಾ? ಮೂರನೆಯದಕ್ಕೆ ಅವಳು ಇನ್ನಷ್ಟು ಗಟ್ಟಿಯಾಗಿ "ಹೌದು" ಅಂದಿದ್ದಳು.

"ನನಗೆ ಈ ಗಂಡು ಬೇಡಪ್ಪಾ" ಎಂದರೆ ಅಪ್ಪ ಕೇಳಲಿಲ್ಲ. "ಅವರು ಒಪ್ಪಿ ಬರೆದರೆ ಮುಗೀತು, ಈ ಆವಣಿ ತಿಂಗಳಿಗೆ ಮದುವೆ" ಎಂದು ಹೇಳಿ ಆಫೀಸಿಗೆ ಹೋದರು.

ಸೋಮವಾರ ತಪಾಲಿನವನು ಅರಿಸಿನ ಹಚ್ಚಿದ ಲಕೋಟೆಯನ್ನು ಅವಳ ಕೈಗೆ ಕೊಟ್ಟ. ಕನ್ನಡ ಅಕ್ಷರ! ಒಪ್ಪಿಗೆಯ ಕಾಗದವಲ್ಲದೆ ಮತ್ತೇನು?

ಅದರ ಮೇಲಿನ ಹೆಸರು ಓದಿದ್ದರೆ ಆಗುತ್ತಿತ್ತು. ಆದರೆ ವೆಂಕಟಲಕ್ಷ್ಮಿಗೆ ಕನ್ನಡ ಓದಲು ಬಾರದು! ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ತಮಿಳು ಕಲಿತು, ಆಫೀಸಿನಲ್ಲಿ ಇಂಗ್ಲಿಷ್ ಟೈಪು ಮಾಡುವ ಹುಡುಗಿ ಅವಳು. ಚಿಕ್ಕಂದಿನಲ್ಲಿ ಅಮ್ಮ ಸ್ಲೇಟು ಹಿಡಿದು ಕೂತರೆ ಓಡಿಹೋಗುತ್ತಿದ್ದಳು.

'ಈ ಕಾಗದ ಅಪ್ಪನ ಕೈಗೆ ಸಿಕ್ಕಿದರೆ ನನ್ನ ಕಥೆ ಮುಗಿಯಿತು' ಎಂದುಕೊಂಡು ಲಕೋಟೆಯನ್ನು ತನ್ನ ಟ್ರಂಕಿನ ತಳಕ್ಕೆ, ಹಳೆಯ ದಾವಣಿಗಳ ಕೆಳಗೆ ತುರುಕಿದ್ದಳು.

ಈಗ ಅದನ್ನು ಹೊರಗೆ ತೆಗೆದಳು. ಒಂದು ಮೂಲೆಯ ಅರಿಸಿನ ಹಸಿರು ದಾವಣಿಗೆ ಹತ್ತಿತ್ತು. ತನಗೆ ತಿಳಿಯದ ಆ ದುಂಡು ಅಕ್ಷರಗಳನ್ನು ನೋಡುತ್ತ ನೆಲದ ಮೇಲೆ ಕುಳಿತುಬಿಟ್ಟಳು.

'ಬೊಗಸೆ ಹಿಡಿದು ನಿಂತಿದ್ದಳಂತೆ... ಅರ್ಧ ಗಂಟೆ...'

ತನ್ನ ಮೇಲೇ ಅವಳಿಗೆ ಎಷ್ಟು ಕೋಪ ಬಂತೆಂದರೆ, ಟ್ರಂಕಿನ ಮುಚ್ಚಳವನ್ನು ಬೆರಳಿನ ಮೇಲೇ ಹಾಕಿಕೊಂಡಳು.

* * *

ಮಧ್ಯಾಹ್ನ ಮೂರು ಗಂಟೆಗೆ ಸುಬ್ರಾಯರ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಅವಳೊಬ್ಬಳೇ ಕುಳಿತಿದ್ದಳು. ಕೃಷ್ಣಪ್ರಸಾದ ಒಳಗೆ ಬಂದ. ಮೈಯೆಲ್ಲ ಕಾಫಿಪುಡಿಯ ವಾಸನೆ. ಅವಳನ್ನು ಕಂಡವನೇ ಹಿಂದಕ್ಕೆ ತಿರುಗಿದ.

"ನಿಲ್ಲಿ! ಇದು... ನಿಮ್ಮದು."

ಮೇಜಿನ ಮೇಲೆ ಲಕೋಟೆ.

ಅವನು ಅದನ್ನು ತೆಗೆದುಕೊಂಡ. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಬೆರಳಿನಿಂದ ಹರಿದು, ನಿಂತೇ ಓದಿದ. ಓದುತ್ತ ಓದುತ್ತ ಅವನ ದನಿ ತಾನಾಗಿಯೇ ಹೊರಗೆ ಬಂತು.

"'ಗಂಡಿಗೆ ಮುಂದೆ ರಜೆ ಸಿಕ್ಕುವುದಿಲ್ಲವಂತೆ. ಮದುವೆಯನ್ನು ಬರುವ ಭಾನುವಾರಕ್ಕೇ ಇಟ್ಟಿದ್ದೇವೆ. ನಿನ್ನ ಕೋಪವನ್ನು ಮದ್ರಾಸಿನಲ್ಲೇ ಬಿಟ್ಟು ಬಾ ಮಗಾ...'"

ಕೆಳಗೆ ಬೇರೆ ಕೈಬರಹದಲ್ಲಿ ಎರಡು ಸಾಲು. ಅದನ್ನು ಅವನು ನಿಧಾನವಾಗಿ ಓದಿದ.

"'ಅಣ್ಣಾ, ನೀನು ಬಂದು ಹೊದಳು ಹಾಕದೆ ನಾನು ಹೋಮದ ಮುಂದಿನಿಂದ ಕದಲುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತೇನೆ. ನಿನ್ನ ಸುಗುಣಾ.'"

ಹೊರಗೆ ಲೋಟಗಳ ಸದ್ದು. ಯಾರೋ ಎರಡು ಕಾಫಿ ಎಂದು ಕೂಗಿದರು.

"ಎಲ್ಲಿತ್ತು ಇದು?"

"ನನ್ನ ಟ್ರಂಕಿನಲ್ಲಿ." ಅವಳು ತಲೆ ತಗ್ಗಿಸಲಿಲ್ಲ. "ನಾನೇ ಬಚ್ಚಿಟ್ಟಿದ್ದೆ. ನನ್ನ ನೋಡಿಕೊಂಡು ಹೋದ ಗಂಡಿನ ಕಡೆಯವರದು ಅಂದುಕೊಂಡೆ. ನನಗೆ ಕನ್ನಡ ಓದೋಕೆ ಬರಲ್ಲ."

"ಬೆಳಗ್ಗೆ ಕೇಳಿದಾಗ ಯಾಕೆ ಹೇಳಲಿಲ್ಲ?"

"ಭಯ ಆಯ್ತು."

"ಭಯ!" ಅವನು ಮೇಜಿಗೆ ಕೈ ಅಪ್ಪಳಿಸಿದ. ನೀರಿನ ಲೋಟ ಉರುಳಿತು. "ನಿಮಗೆ ಬೇಡದ ಗಂಡು ಬಂದದ್ದಕ್ಕೆ ನನ್ನ ತಂಗಿ ಯಾಕೆ ಮಾರಾಯ್ತಿ ಬೊಗಸೆ ಹಿಡಿದು ಕಾಯಬೇಕಿತ್ತು? ಎಂಥ ಹುಡುಗಿ ನೀವು! ಈಗ ಅವಳು ಬೊಂಬಾಯಿಗೆ ಹೋದಳು. ಆ ಸಂಬಂಧ ಬೇಡ, ಅಷ್ಟು ದೂರ ಬೇಡ ಅಂತ ನಾನು ಮೊದಲು ಜಗಳ ಮಾಡಿದ್ದೆ. ಮದುವೆ ಮಾಡಿದ್ರೆ ನಾನು ಬರೋದಿಲ್ಲ ಅಂತ ಬರೆದೂ ಬಿಟ್ಟಿದ್ದೆ. ಈಗ ಅವಳು ಎಂತ ತಿಳಿದುಕೊಂಡಾಳು? ಅಣ್ಣ ಹೇಳಿದ ಹಾಗೇ ಮಾಡಿದ ಅಂತ! ಅಣ್ಣನ ಹೆಸರು ನನ್ನ ಮುಂದೆ ಎತ್ತಬೇಡಿ ಅಂತ ಅಮ್ಮನಿಗೆ ಹೇಳಿ ಹೋಗಿದ್ದಾಳಂತೆ!"

ಅವಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳು ವೆಂಕಟಲಕ್ಷ್ಮಿ!

"ತಪ್ಪು ನನ್ನದು. ಎಷ್ಟು ಬೇಕಾದರೂ ಬೈಯಿರಿ, ಕೇಳ್ತೀನಿ. ಆದರೆ ನಮ್ಮಮ್ಮ ಸುಳ್ಳು ಹೇಳಲಿಲ್ಲ. ಬೀದಿಯವರ ಮುಂದೆ ಅವರನ್ನ ಸುಳ್ಳಿ ಅಂದ್ರಿ. ಅದಕ್ಕೆ ನೀವು ಕ್ಷಮೆ ಕೇಳಲೇಬೇಕು."

ಎಷ್ಟು ಸೊಕ್ಕು ಎಂಬಂತೆ ಅವನು ನೋಡಿದ.

"ಕೇಳ್ತೇನೆ. ಅವರ ಹತ್ತಿರ ಕೇಳ್ತೇನೆ. ನಿಮ್ಮನ್ನು ಮಾತ್ರ ಜನ್ಮದಲ್ಲಿ ಕ್ಷಮಿಸೋದಿಲ್ಲ!"

* * *

ಹೇಳಿದ ಹಾಗೆ ಸಂಜೆ ಆರಕ್ಕೆ ಬಂದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಆಫೀಸಿನ ಕ್ಯಾಂಪಿನಿಂದ ಆಗಷ್ಟೇ ಬಂದಿದ್ದ ಅಪ್ಪ ತಿರುಮಲರಾಯರು ಈಸಿಚೇರಿನಲ್ಲಿ ಕುಳಿತು ಹೆಂಡತಿಯ ಬಾಯಿಂದ ಬೆಳಗಿನ ರಾದ್ಧಾಂತ ಕೇಳುತ್ತಿದ್ದರು.

"ಅಮ್ಮಾ, ಬೆಳಗ್ಗೆ ಬಾಯಿಗೆ ಬಂದ ಹಾಗೆ ಮಾತಾಡಿದೆ. ತಪ್ಪಾಯ್ತು."

"ಇರಲಿ ಬಿಡಪ್ಪ. ಕಾಗದ ಸಿಕ್ಕಿತಾ?"

ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವೆಂಕಟಲಕ್ಷ್ಮಿಯನ್ನು ಒಂದು ಸಲ ನೋಡಿದ.

"ಸಿಕ್ಕಿತು. ಬೇರೆ ಕಡೆ ಇತ್ತು. ನಿಮ್ಮ ಮನೆಯವರದ್ದೇನೂ ತಪ್ಪಿಲ್ಲ."

ಅಯ್ಯೋ! ಇವನು ನನ್ನನ್ನು ಬಚಾವು ಮಾಡುತ್ತಿದ್ದಾನೆಯೇ?! ಅವಳಿಗೆ ಮೈ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಉಪಕಾರ ತಡೆದುಕೊಳ್ಳಲು ಆಗಲಿಲ್ಲ.

"ಸುಳ್ಳು! ಇಲ್ಲೇ ಇತ್ತು. ನಾನೇ ಬಚ್ಚಿಟ್ಟಿದ್ದೆ."

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿ ಮುಗಿಸುವಷ್ಟರಲ್ಲಿ ತಿರುಮಲರಾಯರು ಈಸಿಚೇರಿನಿಂದ ಎದ್ದು ನಿಂತಿದ್ದರು.

"ಬುದ್ಧಿ ಇದೆಯೇನೇ ನಿನಗೆ? ಒಬ್ಬರ ಮನೆ ಮದುವೆಯ ಕಾಗದ! ಆ ಬದರಿನಾಥನ ಮನೆಯವರು ಬೇಡ ಅಂತ ನನ್ನ ಆಫೀಸಿಗೇ ಬರೆದು ಒಂದು ವಾರ ಆಯ್ತು, ಗೊತ್ತಾ? ಹುಡುಗಿಯ ಬಾಯಿ ಜೋರಂತೆ! ನಿನಗೆ ನೋವಾಗುತ್ತೆ ಅಂತ ನಾನು ಆ ಕಾಗದ ಡ್ರಾಯರಿನಲ್ಲಿ ಬಚ್ಚಿಟ್ಟು..."

ರಾಯರು ಅಷ್ಟಕ್ಕೇ ನಿಲ್ಲಿಸಿದರು. ಕೋಣೆಯಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ನೀವೂ ಬಚ್ಚಿಟ್ಟಿರಾ?" ಎಂದರು ಜಯಲಕ್ಷ್ಮಮ್ಮ. "ಒಳ್ಳೇ ಅಪ್ಪ, ಒಳ್ಳೇ ಮಗಳು! ಈ ಮನೆಯಲ್ಲಿ ನಾನೊಬ್ಬಳೇ ಏನೂ ಬಚ್ಚಿಡಲಿಲ್ಲ. ಬೀದಿಯಲ್ಲಿ ಬೈಸಿಕೊಂಡವಳು ಮಾತ್ರ ನಾನು!"

ಕೃಷ್ಣಪ್ರಸಾದನಿಗೆ ಅಷ್ಟು ಸಂಕಟದಲ್ಲೂ ನಗು ಉಕ್ಕಿತು. ತಕ್ಷಣ ಅದನ್ನು ನುಂಗಿ ಮುಖ ಗಂಟು ಹಾಕಿಕೊಂಡ. ವೆಂಕಟಲಕ್ಷ್ಮಿ ಅದನ್ನು ನೋಡಿಬಿಟ್ಟಿದ್ದಳು.

"ನಿಮ್ಮ ತಂಗಿಯ ವಿಳಾಸ ಕೊಡಿ" ಎಂದಳು. "ನಾನೇ ಬರೀತೀನಿ. ಆದದ್ದನ್ನ ಆದ ಹಾಗೆ."

"ಅವಳಿಗೆ ಇಂಗ್ಲಿಷು, ತಮಿಳು ಎರಡೂ ಬರೋದಿಲ್ಲ."

"ಕನ್ನಡದಲ್ಲೇ ಬರೀತೀನಿ."

"ನಿಮಗೆ ಅಕ್ಷರವೇ ಬರೋದಿಲ್ಲ ಅಂದ್ರಲ್ಲ!"

"ಕಲೀತೀನಿ! ನಿಮಗೇನು ಕಷ್ಟ?"

"ನಾನು ಬರೆದ ಕಾಗದವನ್ನೇ ಮುಟ್ಟಲಾರಳು ಅವಳು. ನೀವು ಯಾರು ಅಂತ ಓದ್ತಾಳೆ?" ಎಂದು ಸಿಡುಕಿದನಾದರೂ, ರಾಯರ ಪೆನ್ನು ಕೇಳಿ ಪಡೆದು ಒಂದು ಚೀಟಿಯ ಮೇಲೆ ವಿಳಾಸ ಬರೆದುಕೊಟ್ಟ.

* * *

ಇಪ್ಪತ್ತೆರಡು ವರ್ಷದ ಹುಡುಗಿ ಸ್ಲೇಟು ಹಿಡಿದು ಅ ಆ ಇ ಈ ತಿದ್ದುವುದನ್ನು ನೀವು ನೋಡಿದ್ದೀರಾ? ಆಫೀಸಿನಿಂದ ಬಂದವಳೇ ಕಾಫಿ ಕುಡಿದು ಕೂರುತ್ತಿದ್ದಳು. ಪಕ್ಕದಲ್ಲಿ ಹೂ ಕಟ್ಟುತ್ತ ಅಮ್ಮ.

"ಒತ್ತಕ್ಷರ ಕೆಳಗೆ ಬರೆಯೇ! ತಮಿಳಿನ ಹಾಗೆ ಪಕ್ಕದಲ್ಲಿ ಬರೀತಾಳೆ. ಆರು ವರ್ಷದವಳಾಗಿದ್ದಾಗ ಕಲಿ ಅಂದರೆ ಮಹಡಿ ಮೇಲೆ ಓಡಿಹೋದೆ. ಈಗ ಅನುಭವಿಸು!"

ಅಮ್ಮ ಮೂರು ವಾರ ಬೈದರು, ಮೂರು ವಾರ ಕಲಿಸಿದರು. ಒಂದು ದಿನವೂ ಎರಡರಲ್ಲಿ ಯಾವುದನ್ನೂ ತಪ್ಪಿಸಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ವೆಂಕಟಲಕ್ಷ್ಮಿ ಮತ್ತೆ ಫ್ಯಾಮಿಲಿ ರೂಮಿಗೆ ಬಂದಳು. ಎರಡು ಹಾಳೆಯ ಕಾಗದವನ್ನು ಅವನ ಮುಂದೆ ತಳ್ಳಿದಳು.

ಅಕ್ಷರಗಳು ಒಂದು ದೊಡ್ಡದು, ಒಂದು ಚಿಕ್ಕದು. ಸಾಲುಗಳು ಏಣಿ ಹತ್ತಿದಂತೆ ಮೇಲಕ್ಕೆ ಹೋಗಿದ್ದವು. ಅವನು ತುಂಬ ಹೊತ್ತು ಓದಿದ.

"ತಪ್ಪಿದ್ದರೆ ತಿದ್ದಿ" ಎಂದಳು.

"ತಪ್ಪು ಬೇಕಾದಷ್ಟುಂಟು. ತಿದ್ದೋದಿಲ್ಲ. ತಿದ್ದಿದರೆ ನನ್ನ ಕೈ ಅಂತ ಗೊತ್ತಾಗ್ತದೆ, ಹರಿದು ಬಿಸಾಡ್ತಾಳೆ." ಹಾಳೆ ಮಡಿಸಿ ಕೊಟ್ಟ. "ಇದು ನಿಮ್ಮದೇ. ಹೀಗೇ ಹೋಗಲಿ."

ಉತ್ತರ ಬರಲಿಲ್ಲ.

ಅವಳು ಎರಡನೆಯದು ಬರೆದಳು. ಮೂರನೆಯದು ಬರೆದಳು. ಅವನ ಕಾಗದಗಳೆಲ್ಲ ವಾಪಸು ಬಂದಿದ್ದವು. ಅವಳದು ಒಂದೂ ವಾಪಸು ಬರಲಿಲ್ಲ.

"ಅಂದ್ರೆ ಓದ್ತಿದ್ದಾರೆ!" ಎಂದಳು ವೆಂಕಟಲಕ್ಷ್ಮಿ.

"ಅಥವಾ ಒಲೆಗೆ ಹಾಕ್ತಿದ್ದಾಳೆ" ಎಂದ ಅವನು.

ಪ್ರತಿ ಶನಿವಾರ ಹೀಗೇ ಜಗಳ. ಆದರೆ ಕಾಫಿಯನ್ನು ಮಾತ್ರ ಅವನೇ ತರುತ್ತಿದ್ದ, ಬೇರೆ ಯಾರ ಕೈಯಲ್ಲೂ ಕಳಿಸುತ್ತಿರಲಿಲ್ಲ. ಅವಳಿಗೆ ಸಕ್ಕರೆ ಅರ್ಧ ಚಮಚ ಸಾಕು ಎಂಬುದು ಅವನಿಗೆ ಹೇಗೆ ಗೊತ್ತಾಯಿತೋ! ಶನಿವಾರ ಅವನು ಒಗೆದ ಅಂಗಿ ಹಾಕುತ್ತಾನೆ ಎಂಬುದು ಅವಳಿಗೆ ಹೇಗೆ ಗೊತ್ತಾಯಿತೋ! ಹೋಟೆಲಿನ ಯಜಮಾನ ಸುಬ್ರಾಯರು ಮೀಸೆಯಡಿ ನಕ್ಕು, "ಶನಿವಾರ ಮೂರು ಗಂಟೆಗೆ ಫ್ಯಾಮಿಲಿ ರೂಮಿಗೆ ಬೇರೆ ಯಾರನ್ನೂ ಬಿಡಬೇಡಿ, ಒಳಗೆ ಜಗಳ ಉಂಟು" ಎಂದು ಸಪ್ಲೈಯರುಗಳಿಗೆ ಹೇಳಿದ್ದರು.

ಜುಲೈ ಕೊನೆಯ ಶನಿವಾರ ಕೃಷ್ಣಪ್ರಸಾದ ಅವಳ ನಾಲ್ಕನೆಯ ಕಾಗದವನ್ನು ಓದದೆ ಹಿಂದಕ್ಕೆ ತಳ್ಳಿದ.

"ಸಾಕು. ಇನ್ನು ಬರೆಯಬೇಡಿ."

"ಸಾಕು ಅನ್ನೋಕೆ ನೀವು ಯಾರ್ರೀ? ನನಗೂ ಅವರಿಗೂ ಇರೋ ವಿಷಯ ಇದು!"

"ವೆಂಕಟಲಕ್ಷ್ಮಿ, ದಯವಿಟ್ಟು..."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ನಾನೊಂದು ಹೇಳಬೇಕು. ಎರಡು ತಿಂಗಳಿಂದ ಹೊಟ್ಟೆಯೊಳಗೆ ಇಟ್ಟುಕೊಂಡದ್ದು." ಅವನು ಅವಳ ಮುಖ ನೋಡಲಿಲ್ಲ. "ಆ ಕಾಗದ ಸೋಮವಾರವೇ ನನ್ನ ಕೈಗೆ ಬಂದಿದ್ದರೆ... ನಾನು ಹೋಗ್ತಿದ್ದೆ ಅಂತ ನನಗೇ ಖಾತ್ರಿ ಇಲ್ಲ."

"ಏನು?!"

"ಅಷ್ಟು ಕೋಪ ಇತ್ತು ನನಗೆ. ನನ್ನ ಮಾತು ಮೀರಿದಳಲ್ಲ ಅಂತ. ನಾನು ಹೋಗದೆ ಇದ್ದರೆ ಬುದ್ಧಿ ಬರ್ತದೆ ಅಂತಲೂ ಒಮ್ಮೆ ಯೋಚನೆ ಮಾಡಿದ್ದೆ. ಐತಪ್ಪ ಬಂದು ಬೊಗಸೆಯ ವಿಷಯ ಹೇಳಿದ ಮೇಲೆ ಜೀವ ಹಿಂಡಿತು. ನನ್ನನ್ನು ನಾನೇ ಬೈದುಕೊಳ್ಳೋದಕ್ಕೆ ಆಗಲಿಲ್ಲ. ನೀವು ಸಿಕ್ಕಿದಿರಿ."

ವೆಂಕಟಲಕ್ಷ್ಮಿ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

"ಎರಡು ತಿಂಗಳು! ಎರಡು ತಿಂಗಳಿಂದ ರಾತ್ರಿ ನಿದ್ದೆ ಇಲ್ಲದೆ, ಒಂದು ಹುಡುಗಿಯ ಮದುವೆ ನಾನೇ ಕೆಡಿಸಿದೆ ಅಂತ ಅತ್ತಿದ್ದೀನಿ! ನೀವು ಕಾಫಿ ತಂದುಕೊಟ್ಟು ನೋಡ್ತಾ ಇದ್ರಾ?! ಎಷ್ಟು ಪಾಪಿ ರೀ ನೀವು!"

"ಹೌದು."

"ಹೌದು ಅಂದ್ರೆ ಆಯ್ತಾ?!"

"ಆಗೋದಿಲ್ಲ. ಇವತ್ತಿನ ನಿಮ್ಮ ಕಾಗದದಲ್ಲಿ ಅದನ್ನೂ ಬರೆಯಿರಿ. ನಾನು ಹೇಳಿದ ಹಾಗೇ. ನನ್ನ ಮರ್ಯಾದೆ ಉಳಿಸಬೇಡಿ."

ಅವಳು ಅಳುತ್ತಲೇ ಬಿದ್ದ ಕುರ್ಚಿಯನ್ನು ಎತ್ತಿ ಕುಳಿತಳು. ಪೆನ್ನು ತೆಗೆದಳು. ಒಂದೊಂದು ಅಕ್ಷರವನ್ನೂ ಕಾಗದ ತೂತಾಗುವಷ್ಟು ಒತ್ತಿ ಬರೆದಳು. ಅವನು ಎದುರಿಗೆ ಕೈಕಟ್ಟಿ ಕುಳಿತಿದ್ದ. ಮುಗಿಸಿ, ಅವನಿಗೆ ತೋರಿಸದೆಯೇ ಲಕೋಟೆಗೆ ಹಾಕಿ ಹೊರಟುಹೋದಳು.

ಮುಂದಿನ ಶನಿವಾರ ಅವಳು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

'ಬರೋದಿಲ್ಲ. ನಾನು ಯಾಕೆ ಹೋಗಲಿ?' ಎಂದು ಮನೆಯಲ್ಲಿ ಕುಳಿತು ಹಲ್ಲು ಕಚ್ಚುತ್ತಿದ್ದಳು. ಮೂರು ಗಂಟೆಯಾದರೆ ಗಡಿಯಾರ ನೋಡದಿರಲು ಹರಸಾಹಸ ಮಾಡುತ್ತಿದ್ದಳು. ಎಷ್ಟು ಕೋಪವೋ ಅಷ್ಟೇ ನೆನಪು! ಸತ್ಯ ಹೇಳುವಾಗಿನ ಅವನ ದನಿ ಕಿವಿ ಬಿಟ್ಟು ಹೋಗಲೇ ಇಲ್ಲ. ಹೇಳದೆಯೂ ಇರಬಹುದಿತ್ತಲ್ಲ ಅವನು? ಹೇಳಿ ತನ್ನನ್ನು ಹಗುರ ಮಾಡಿದನಲ್ಲ... ತಾನು ಅವನನ್ನು ಪ್ರೀತಿಸುತ್ತಿದ್ದೇನೆಂದು ಅವಳಿಗೆ ಹೊಳೆದದ್ದು ಆಗಲೇ. ಹೊಳೆದ ಕೂಡಲೇ ಅದಕ್ಕೂ ಅವನ ಮೇಲೇ ಕೋಪ ಬಂತು!

* * *

ಮೂರನೆಯ ಶನಿವಾರ ತಪಾಲಿನವನು ಬಂದ. ಅವಳ ಹೆಸರು ಕನ್ನಡದಲ್ಲಿತ್ತು. ಓದಿದಳು. ತಾನೇ ಓದಿದಳು!

ಕೂಡಲೇ ಒಡೆಯಬೇಕೆನಿಸಿತು. ಆದರೆ ಲಕೋಟೆಯನ್ನು ಹಿಡಿದುಕೊಂಡು, ಅಮ್ಮನಿಗೆ ಒಂದು ಮಾತು ಹೇಳಿ, ಚಪ್ಪಲಿ ಮೆಟ್ಟಿ ಸ್ಟೇಷನ್ ಕಡೆಗೆ ನಡೆದಳು. ನಡೆದಳೇ? ಓಡಿದಳು ಅನ್ನಿ.

ಕೃಷ್ಣಪ್ರಸಾದ ಉಗ್ರಾಣದ ಬಾಗಿಲಲ್ಲಿ ಅಕ್ಕಿ ಅಳೆಸುತ್ತಿದ್ದ. ಅವಳನ್ನು ಕಂಡು ಎಲ್ಲವನ್ನೂ ಹಾಗೇ ಬಿಟ್ಟು ಬಂದ. ಮೂರು ವಾರದಲ್ಲಿ ಸೊರಗಿಹೋಗಿದ್ದ.

"ಬಾಂಬೆಯಿಂದ" ಎಂದಳು. "ನನ್ನ ಹೆಸರಿಗೆ."

ಫ್ಯಾಮಿಲಿ ರೂಮಿನಲ್ಲಿ ಇಬ್ಬರೂ ಎದುರುಬದುರು ಕುಳಿತರು. ಅವನು ಕೈ ಚಾಚಿದ.

"ಕೊಡಲ್ಲ. ನಾನೇ ಓದ್ತೀನಿ" ಎಂದಳು. ಕೂಡಿಸಿ ಕೂಡಿಸಿ, ಮಗುವಿನ ಹಾಗೆ ಓದತೊಡಗಿದಳು. ಕೆಲವು ಒತ್ತಕ್ಷರಕ್ಕೆ ತಡವರಿಸಿದಳು. ಅವನು ಹೇಳಿಕೊಡಲು ಬಾಯಿ ತೆರೆದರೆ ಗದರಿದಳು.

"'ವೆಂಕಟಲಕ್ಷ್ಮಿಯವರಿಗೆ, ನಿಮ್ಮ ನಾಲ್ಕೂ ಕಾಗದ ಓದಿದ್ದೇನೆ. ಮೊದಲನೆಯದನ್ನು ಓದಿ ನಿಮ್ಮ ಮೇಲೆ ತುಂಬಾ ಕೋಪ ಬಂತು. ಎರಡು, ಮೂರನೆಯದನ್ನು ಓದಿ ಅಣ್ಣನೇ ನಿಮ್ಮಿಂದ ಬರೆಸುತ್ತಿದ್ದಾನೆ, ತಾನು ಒಳ್ಳೆಯವನಾಗಲು ನೋಡುತ್ತಿದ್ದಾನೆ ಅಂದುಕೊಂಡೆ. ನಾಲ್ಕನೆಯದು ಹಾಗಿರಲಿಲ್ಲ. ಕಾಗದ ಸಿಕ್ಕಿದ್ದರೂ ಬರುತ್ತಿದ್ದೆನೋ ಇಲ್ಲವೋ ಎಂದು ಅಣ್ಣ ಹೇಳಿದ್ದು ಓದಿ ಒಂದು ದಿನ ಊಟ ಮಾಡಲಿಲ್ಲ. ಆಮೇಲೆ ಅನಿಸಿತು, ಸುಳ್ಳು ಹೇಳುವವನು ಹೀಗೆ ಹೇಳಿಸುವುದಿಲ್ಲ. ಇದು ನನ್ನ ಅಣ್ಣನೇ...'"

ಕೃಷ್ಣಪ್ರಸಾದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ನಿಲ್ಲಿಸಿದಳು.

"ಓದಿ" ಎಂದ, ಮುಖ ಮುಚ್ಚಿಕೊಂಡೇ.

"'ಕೋಪ ಪೂರ್ತಿ ಹೋಗಿಲ್ಲ. ಹೋಗಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಅವನು ಕಾಗದ ಹಾಕಿದರೆ ಇನ್ನು ವಾಪಸು ಕಳಿಸುವುದಿಲ್ಲ. ಬರಲಿ, ಮುಖ ತೋರಿಸಲಿ. ನೀವೂ ಬನ್ನಿ. ಬಂದರೆ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈಯುತ್ತೇನೆ. ಆಮೇಲೆ ಒಳಗೆ ಕರೆದು ಊಟ ಹಾಕುತ್ತೇನೆ. ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಬರೀ ತಪ್ಪು ಮಾಡಿದ್ದಕ್ಕೆ ಯಾರಾದರೂ ಹೊಸದಾಗಿ ಅಕ್ಷರ ಕಲಿತು ನಾಲ್ಕು ಕಾಗದ ಬರೆಯುತ್ತಾರೆಯೇ? ನೀವು ನನ್ನ ಅಣ್ಣನಿಗೆ...'"

ಅವಳು ಥಟ್ಟನೆ ಕಾಗದ ಮಡಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು.

"ಮುಂದೆ?"

"ಮುಂದೆ... ಅಕ್ಷರ ಸರಿಯಾಗಿ ಗೊತ್ತಾಗ್ತಾ ಇಲ್ಲ."

ಅವನು ಮೊದಲ ಬಾರಿ, ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು, ನಕ್ಕ.

"ಆ ಪ್ರಶ್ನೆಗೆ ಉತ್ತರ ನಾನು ಕೊಡಲಾ? ಜನ್ಮದಲ್ಲಿ ಕ್ಷಮಿಸೋದಿಲ್ಲ ಅಂದಿದ್ದೆ. ಆಗಲಿಲ್ಲ ನನ್ನಿಂದ. ಎರಡು ಶನಿವಾರ ನೀನು ಬಾರದೆ ಹೋದಾಗ ಮೂರು ಗಂಟೆಗೆ ಕಾಫಿ ತಂದು ಇಲ್ಲಿ ಇಟ್ಟು, ಅದು ತಣ್ಣಗಾಗೋದು ನೋಡ್ತಾ ಕೂತಿದ್ದೆ. ನೀನು ಇಲ್ಲದೆ ನನಗೆ ಆಗೋದಿಲ್ಲ ವೆಂಕಟಲಕ್ಷ್ಮಿ. ಇವತ್ತೇ ನಿನ್ನ ಅಪ್ಪನ ಹತ್ತಿರ ಬಂದು ಕೇಳ್ತೇನೆ."

"ಹೋಟ್ಲಿನವರಿಗೆ ಮಗಳನ್ನ ಕೊಡಲ್ಲ ಅಂತ ಅಪ್ಪ ಕೂಗಾಡ್ತಾರೆ."

"ಕೂಗಾಡಲಿ. ಕೂತು ಕೇಳ್ತೇನೆ. ನೀನು ಎಂತ ಹೇಳ್ತೀ, ಅದು ಹೇಳು."

ಅವಳು ಕಾಗದವನ್ನು ಮತ್ತೆ ಬಿಚ್ಚಿ, ತಾನು ಓದದೆ ಬಿಟ್ಟ ಸಾಲಿನ ಮೇಲೆ ಬೆರಳಿಟ್ಟು ಅವನ ಕಡೆಗೆ ತಿರುಗಿಸಿದಳು. ಅವನು ಓದಿಕೊಂಡ. ಓದಿ ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು, ಹೌದು ಎಂದು. ಮೇಜಿನ ಮೇಲಿದ್ದ ಅವಳ ಕೈಯನ್ನು ಅವನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಬಾಂಬೆಗೆ ಯಾವಾಗ ಹೋಗೋದು?" ಎಂದಳು.

"ನಿನ್ನ ಅಪ್ಪ ಒಪ್ಪಿದ ಮರುದಿನ ಟಿಕೇಟು ತೆಗೀತೇನೆ."

"ನಿಮ್ಮ ತಂಗಿ ನನ್ನ ಬೈಯುವಾಗ ನೀವು ನಡುವೆ ಬಾಯಿ ಹಾಕಬಾರದು. ಬೈಯಲಿ. ನನಗೆ ಬೇಕು ಅದು."

"ಹಾಕೋದಿಲ್ಲ" ಎಂದ ಅವನು. "ಪಕ್ಕದಲ್ಲಿ ನಿಂತಿರ್ತೇನೆ."